ಬೀಳದ ಕೈಗವಸು

"ಕರ್ತನ ಸಮಾಧಾನ ಸದಾ ನಿಮ್ಮೊಂದಿಗಿರಲಿ" ಎಂದು ಪಾದ್ರಿ ಹೇಳುತ್ತಲೇ ಸೇಂಟ್ ಬಾರ್ನಬಸ್ ಎಪಿಸ್ಕೋಪಲ್ ಚರ್ಚಿನಲ್ಲಿ ಎಲ್ಲರೂ ಹಿಂದೆಮುಂದಿನವರ ಕೈ ಕುಲುಕತೊಡಗಿದರು. ಪ್ರತಿ ಭಾನುವಾರ ಈ ಗಳಿಗೆಗೆ ಸರಿಯಾಗಿ ಮಿರ್ಟಲಳ ಕೈಗವಸು ನೆಲಕ್ಕೆ ಬೀಳುತ್ತಿತ್ತು. ಬಗ್ಗಿ ಅದನ್ನು ಹುಡುಕುವುದು, ಮುಂದಿನ ಬೆಂಚಿನ ಯುಡೋರಾಳ ಕೈ ಮುಟ್ಟದಿರಲು ಒಂದು ನೆಪ. ಒಂದು ಈಸ್ಟರಿನಲ್ಲಿ, ತೀರಿಹೋದವರ ನೆನಪಿಗೆಂದು ಇಡುವ ಲಿಲ್ಲಿ ಹೂಗಳ ಸಾಲಿನಲ್ಲಿ ಮಿರ್ಟಲಳ ಗಂಡನ ಹೆಸರಿನದನ್ನು ಇಡಲು, ಹೂ ಜೋಡಿಸುವ ಹೊಣೆ ಹೊತ್ತಿದ್ದ ಯುಡೋರಾ ಮರೆತಿದ್ದಳು. ಜಗಳ ಅಷ್ಟೇ.

ಇವತ್ತು ಕೊನೆಯ ಆರಾಧನೆ. ಜನ ಸಾಲದೆ ನಾಳೆಯಿಂದ ಚರ್ಚಿಗೆ ಬೀಗ. ಮಿರ್ಟಲ್ ಕೈಗವಸನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದಳು.

"ಏನಮ್ಮಾ, ಇವತ್ತು ಗ್ಲೌಸ್ ಬೀಳ್ಲೇ ಇಲ್ವಲ್ಲ!" ಪಕ್ಕದ ಮುದುಕ ಥ್ಯಾಡಿಯಸ್ ಕಿಚಾಯಿಸಿದ.

"ಅಯ್ಯೋ, ನಿಂಗೂ ಗೊತ್ತಿತ್ತೇನೋ?"

"ಇಡೀ ಚರ್ಚಿಗೇ ಗೊತ್ತು ಕಣಮ್ಮ. ಯುಡೋರಾಗೂ."

ಮಿರ್ಟಲ್ ಬರಿಗೈಯನ್ನು ಮುಂದಕ್ಕೆ ಚಾಚಿದಳು. ಯುಡೋರಾ ಎಡಗಡೆಯವರ ಕೈ ಕುಲುಕಿದಳು, ಬಲಗಡೆಯವರ ಕೈ ಕುಲುಕಿದಳು, ಆಮೇಲೆ ನೆಟ್ಟಗೆ ವೇದಿಯ ಕಡೆ ಮುಖ ಮಾಡಿ ಕೂತಳು. ಆರ್ಗನ್ ಶುರುವಾಯಿತು. ಯುಡೋರಾ ಹಿಂದೆ ತಿರುಗುವುದನ್ನು ಯಾವತ್ತು ಬಿಟ್ಟಳೋ, ವಾರವಾರವೂ ನೆಲ ತಡಕಾಡುತ್ತಿದ್ದ ಮಿರ್ಟಲ್ ನೋಡಿಯೇ ಇರಲಿಲ್ಲ.