ಹಳೇ ಬೋರ್ಡಿಗೆ ಹೊಂದುವ ಕಾರ್ಡು

ಹೆಣ್ಣುಮಕ್ಕಳಿರುವ ಮನೆಯವರು ಎರಡು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ…

ರುದ್ರಮುನಿ ಮಾಸ್ತರು ಹಾವೇರಿಯವರು. ಈಗ ನಿವೃತ್ತರು.
ಒಂದು ಕುಕ್ಕರ್ ಕೊಳ್ಳಬೇಕೆಂದರೂ ನಾಲ್ಕು ಅಂಗಡಿ ಹತ್ತಿಳಿದು, ಗ್ಯಾಸ್ಕೆಟ್ ಹಿಗ್ಗಿಸಿ ನೋಡಿ ತರುವ ಮನುಷ್ಯ.

ಅವರಿಗೆ ಒಬ್ಬಳೇ ಮಗಳು, ಮುಕ್ತಾ. ಇನ್ನೂ ಕಟ್ಟದ ಮನೆ ಒಳಗೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುವುದು ಅವಳ ಕೆಲಸ.

ಈ ವರ್ಷ ಹುಬ್ಬಳ್ಳಿಯ ವೀರೇಶನ ಜೊತೆ ಮದುವೆಯಾಯಿತು… ಕೆಲಸ ನಿಂತಿತು.

"ನಮ್ಮ ಮನ್ಯಾಗೂ ಕಂಪ್ಯೂಟರ್ ಐತ್ರಿ, ಕುಂತು ಮಾಡ್ಲಿ ಬಿಡ್ರಿ" ಎಂದು ಮಾತುಕತೆಯ ದಿನ ಬೀಗರು ಹೇಳಿದ್ದರು.
ಇದ್ದದ್ದು ನಿಜ. ಆದರೆ ಹಳೆಯದು. ಮುಕ್ತಾ ತನ್ನ ಸಾಫ್ಟ್‌ವೇರ್ ತೆರೆದರೆ ಸಾಕು, ಹ್ಯಾಂಗ್ ಆಗಿಬಿಡುತ್ತಿತ್ತು.

ಮದುವೆಯಾದ ಮೇಲಿನ ಮೊದಲ ದೀಪಾವಳಿ ಬಂತು. "ಹಬ್ಬಕ್ಕ ಏನು ಬೇಕವಾ?" ಎಂದು ಅಪ್ಪ ಫೋನಿನಲ್ಲಿ ಕೇಳಿದರು.

"ಅಪ್ಪಾ, ಸೀರಿ ಬ್ಯಾಡ. ಒಂದು ಗ್ರಾಫಿಕ್ಸ್ ಕಾರ್ಡ್ ಕೊಡಸ್ತಿ? ಅದನ್ನ ಹಾಕಿದ್ರ ಕಂಪ್ಯೂಟರ್ ಹ್ಯಾಂಗ್ ಆಗಂಗಿಲ್ಲ. ಹಳೇ ಆಫೀಸಿನವರು ಮನ್ಯಾಗ ಕುಂತ ಮಾಡು ಅಂದಾರ. ಹಬ್ಬ ಮುಗಿಯೂದ್ರಾಗ ಒಂದು ಮನಿ ಡಿಸೈನ್ ಮಾಡಿ ಕಳಸಬೇಕು… ಇಲ್ಲಂದ್ರ ಬ್ಯಾರೇದವರನ್ನ ತಗೋತಾರ."

ಮಾಸ್ತರು ಮರುದಿನವೇ ಹುಬ್ಬಳ್ಳಿಯ ಬಸ್ಸು ಹತ್ತಿದರು.

"ಎಲ್ಲಾಕ್ಕಿಂತ ದೊಡ್ಡ ಕಾರ್ಡ್ ಕೊಡ್ರಿ" ಎಂದರು ಅಂಗಡಿಯಲ್ಲಿ.

ಅಂಗಡಿಯವನು ನಕ್ಕ. "ದೊಡ್ಡದು ತಗೊಂಡು ಏನ್ ಮಾಡ್ತೀರಿ ಸರ? ಮೊದಲ ಕಂಪ್ಯೂಟರ್ ಒಳಗಿನ ಬೋರ್ಡ್ ಯಾವುದು ಹೇಳ್ರಿ, ಕಾರ್ಡ್ ಕುಂದರೂದು ಅದರಾಗ. ಹಳೇ ಬೋರ್ಡಿಗೆ ಹೊಸ ಕಾರ್ಡ್ ಹಾಕಿದ್ರ ಒಮ್ಮೊಮ್ಮೆ ಸ್ಕ್ರೀನೇ ಬರಂಗಿಲ್ಲ. ಪವರ್ ಸಪ್ಲೈ ತಡೀಬೇಕು, ಕಂಪ್ಯೂಟರ್ ಡಬ್ಬಿ ಒಳಗ ಜಾಗ ಇರಬೇಕು. ಕಾರ್ಡಿಂದೂ ತಪ್ಪಿಲ್ಲ, ಬೋರ್ಡಿಂದೂ ತಪ್ಪಿಲ್ಲ… ಹೊಂದಬೇಕಲ್ರೀ?"

ಮಾಸ್ತರಿಗೆ ಈ ಮಾತು ಬಹಳ ಹಿಡಿಸಿತು.

ಅಲ್ಲಿಂದಲೇ ಮಗಳಿಗೆ ಫೋನ್. "ಡಬ್ಬಿ ಬಿಚ್ಚಿ ಫೋಟೋ ಕಳಸವಾ… ಬೋರ್ಡಿನ ಮ್ಯಾಲಿನ ನಂಬರ್ ಕಾಣೂಹಂಗ ತಗಿ… ಒಳಗ ಎಷ್ಟು ಜಾಗ ಐತಿ, ಟೇಪ್ ಹಿಡಿದು ನೋಡು…"

ಒಂದು ಅಂಗಡಿಯವನು ಹೇಳಿದ್ದನ್ನು ಇನ್ನೊಂದರಲ್ಲಿ ಕೇಳಿ ಖಾತ್ರಿ ಮಾಡಿಕೊಂಡರು. ಕೊನೆಗೆ ಆ ಹಳೆಯ ಬೋರ್ಡಿಗೆ ಒಪ್ಪುವ ಒಂದು ಸಣ್ಣ ಕಾರ್ಡು ಸಿಕ್ಕಿತು.

ಹಬ್ಬದ ಉಡುಗೊರೆ ಕೊಡಲೆಂದು ಬೀಗರ ಮನೆಗೆ ಹೋದವರು, ತಾವೇ ಸ್ಕ್ರೂಡ್ರೈವರ್ ಹಿಡಿದು ಕಾರ್ಡು ಕೂರಿಸಿದರು. ಸ್ವಿಚ್ ಹಾಕಿದರು.

ಸ್ಕ್ರೀನ್ ಬೆಳಗಿತು!

ಮುಕ್ತಾ ತಾನು ಅರ್ಧಕ್ಕೆ ಬಿಟ್ಟಿದ್ದ ಮನೆಯ ಚಿತ್ರ ತೆರೆದಳು. ಅದು ಎಲ್ಲೂ ತಡೆಯದೆ ಸುತ್ತ ತಿರುಗಿತು. ಬಾಗಿಲು, ಕಿಟಕಿ, ಕಿಟಕಿಯಿಂದ ಬೀಳುವ ಬೆಳಕು… ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಕ್ಕಳು.

ಅಷ್ಟರಲ್ಲಿ ವೀರೇಶ ಬಂದ. "ಓಹೋ ಮಾವಾರ, ಭಾರಿ ಮಾಡೀರಿ ಬಿಡ್ರಿ! ಏ, ಏಳ… ಗೇಮ್ ಹೆಂಗ ಓಡತೈತಿ ನೋಡ್ತೀನಿ."

ಮುಕ್ತಾ ಎದ್ದಳು.

ಮಾಸ್ತರು ಮೆಲ್ಲಗೆ ಹೇಳಿದರು, "ಆಕಿ ಕೆಲಸಕ್ಕಂತ ತಂದದ್ರೀ…"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬೀಗಿತಿ ನಕ್ಕರು. "ಕೆಲಸಾ? ಮನಿ ಕೆಲಸಾನ ಆಕಿಗೆ ಮುಗ್ಯಂಗಿಲ್ಲ. ಮೊದಲನೇ ದೀಪಾವಳಿ ಉಡುಗೊರಿ ಅಳಿಯಗ ಕೊಡೂದು ಪದ್ಧತಿ. ಮಾಸ್ತರಾಗಿ ಅಷ್ಟೂ ಮರತೀರೇನ್ರೀ ಬೀಗರ? ಮುಕ್ತಾ, ಚಾ ಇಡು. ಸಂಜಿಗೆ ಮಂದಿ ಬರೋರದಾರ, ಹೋಳಗಿಗೆ ಬ್ಯಾಳಿ ನೆನಿಹಾಕು. ಹಬ್ಬ ಮುಗಿಯೂ ತನಕ ಆ ಕುರ್ಚಿ ಕಡೆ ಹಾಯಬ್ಯಾಡ."

ಹಬ್ಬ ಮುಗಿಯುವವರೆಗೆ! ಡಿಸೈನ್ ಕಳಿಸಬೇಕಾದದ್ದೂ ಅಷ್ಟರೊಳಗೇ. ಆಮೇಲೆ ಆ ಕುರ್ಚಿಯಿಂದ ಅವಳಿಗೇನು ಉಪಯೋಗ?

ಮಾಸ್ತರು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದರು. ಒಲೆಯ ಬಳಿ ಮುಕ್ತಾ ಒಬ್ಬಳೇ ಇದ್ದಳು.

"ಕಾರ್ಡ್ ಚಲೋ ಹೊಂದೇತವಾ… ಎಲ್ಲಾ ವಿಚಾರಸಿ ತಂದೆ, ನೋಡು…"

ಮುಕ್ತಾ ಚಹಾಪುಡಿ ಹಾಕುತ್ತಿದ್ದ ಕೈ ನಿಲ್ಲಿಸಿದಳು.

"ಅಪ್ಪಾ… ಒಂದು ಕಾರ್ಡ್ ಕುಂದರಸಾಕ ಎಷ್ಟು ಕೇಳಿದಿ! ಜಾಗ ಐತೇನು, ಬೋರ್ಡ್ ತಡೀತೈತೇನು, ಒಪ್ಪತೈತೇನು ಅಂತ…

ನನ್ನ ಈ ಮನಿಗೆ ಕೊಡೂಮುಂದ ಏನ ಕೇಳಿದಿ?"

ಮಾಸ್ತರಿಗೆ ಮಾತುಕತೆಯ ದಿನ ಕಣ್ಣ ಮುಂದೆ ಬಂತು. ಜಾತಕ ಕೂಡಿತ್ತು. ಹೊರಗಿನ ಹಾಲ್‌ನಲ್ಲಿ ಕುಳಿತು ಚೂಡಾ ತಿಂದು, "ಮಂದಿ ಚಲೋ ಅದಾರ" ಎಂದು ಎದ್ದು ಬಂದಿದ್ದರು. ಗಂಡಿನ ಮನೆಯವರನ್ನು ಕೆದಕಿ ಕೇಳಿದರೆ ಏನು ತಿಳಿದಾರು ಎಂಬ ಸಂಕೋಚ…

ಅವರ ಕಣ್ಣು ತುಂಬಿತು. ಕೈಯಲ್ಲೇ ಉಳಿದಿದ್ದ ಸ್ಕ್ರೂಡ್ರೈವರ್ ಗಟ್ಟಿಯಾಗಿ ಹಿಡಿದರು. "ಬಿಚ್ಚಿಕೊಂಡ ಹೋಗ್ತೀನಿ ಆ ಕಾರ್ಡ್!"

ಮುಕ್ತಾ ಅವರ ಮುಂಗೈ ಹಿಡಿದುಕೊಂಡಳು.

"ಬ್ಯಾಡಪ್ಪಾ… ನೀ ಬಸ್ ಹತ್ತಿ ಹೋಗಿಬಿಡ್ತಿ. ಇಲ್ಲಿ ಇರಾಕಿ ನಾನು."

'ನನ್ನ ಜೋಡಿ ನಡಿ' ಎಂಬ ಮಾತು ಅಪ್ಪನ ನಾಲಿಗೆಯ ತುದಿಗೆ ಬಂತು. ಮದುವೆಯಾದ ವರ್ಷವೇ ಮಗಳು ಮರಳಿ ಬಂದರೆ ಓಣಿಯ ಮಂದಿ ಏನೆಂದಾರು?

ಅವರು ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿದರು.

ಅವಳು ಒಂದು ಕ್ಷಣ ಅವರ ಮುಖವನ್ನೇ ನೋಡುತ್ತ ನಿಂತಳು… ಆ ಮಾತಿಗಾಗಿಯೇ ಕಾಯುತ್ತಿದ್ದಳೇನೋ.

ಆಮೇಲೆ ಒಲೆಯ ಕಡೆ ತಿರುಗಿ ಚಹಾ ಸೋಸಿದಳು.

.

ವಸ್ತು ಹೊಂದುತ್ತದೋ ಇಲ್ಲವೋ ಎಂದು ಊರೆಲ್ಲ ಕೇಳುವ ನಾವು, ಮಗಳು ಬಾಳಬೇಕಾದ ಮನೆಯ ಬಗ್ಗೆ ಕೇಳಲು ನಾಚುತ್ತೇವೆ.

ನಿಮ್ಮ ಮಗಳೂ ಒಂದು ಮಾತಿಗಾಗಿ ನಿಮ್ಮ ಮುಖ ನೋಡುತ್ತ ನಿಂತಿದ್ದಾಳೆಯೇ…?