ಅಂಟಿಕೊಂಡ ಏಳನೇ ಅಧ್ಯಾಯ

ಓದುತ್ತಿರುವ ಪುಸ್ತಕದ ಬಗ್ಗೆ ಅನಿಸಿದ್ದನ್ನು ಇನ್ನೊಬ್ಬರೆದುರು ಬಾಯಿಬಿಟ್ಟು ಹೇಳುವ ತನಕ ಮುಂದಿನ ಅಧ್ಯಾಯದ ಹಾಳೆಗಳು ಬಿಡಿಸಿಕೊಳ್ಳುತ್ತಿರಲಿಲ್ಲ. ಸುಳ್ಳು ಹೇಳಿದರಂತೂ ಇನ್ನಷ್ಟು ಅಂಟಿಕೊಳ್ಳುತ್ತಿದ್ದವು. ಹಾಸ್ಟೆಲ್ ಲೈಬ್ರರಿಯಲ್ಲಿ ನೀಲವ್ವ ಓದುತ್ತಿದ್ದ ಕಾದಂಬರಿ ನಾಲ್ಕು ದಿನದಿಂದ ಏಳನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದಿತ್ತು. ಆರನೆಯದರಲ್ಲಿ ನಾಯಕಿ ನಿಶ್ಚಿತಾರ್ಥದ ಮುಂಜಾನೆ ಮನೆ ಬಿಟ್ಟಿದ್ದಳು. ಮುಂದೇನಾದಳೆಂದು ತಿಳಿಯದೆ ನೀಲವ್ವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬರುವ ಭಾನುವಾರ ನೀಲವ್ವನದೇ ನಿಶ್ಚಿತಾರ್ಥವಿತ್ತು.

"ಶೈಲಿ ಸರಳವಾಗಿದೆ, ಪಾತ್ರಗಳು ಜೀವಂತವಾಗಿವೆ," ಎಂದಳು. ಹಾಳೆ ಮಿಸುಕಲಿಲ್ಲ.

ಎದುರು ಕೂತ ಸೀನಿಯರ್ ಸಾವಿತ್ರಕ್ಕ ನಕ್ಕಳು. "ಅದು ನನ್ನ ಸೆಮಿನಾರಿನ ಮಾತಲೇ! ನಾನೂ ಗೈಡ್ ನೋಡಿ ಬರದದ್ದು. ನಿನಗೇನ ಅನಸ್ತು, ಅದನ್ನ ಹೇಳ."

"ಆಕಿ ಮಾಡಿದ್ದು ತಪ್ಪು."

ಹಾಳೆಗಳು ಕಲ್ಲಿನಂತೆ ಬಿಗಿದವು.

"ನೋಡ, ಇದೂ ಸುಳ್ಳ."

ನೀಲವ್ವ ಎದ್ದಳು, ಕಿಟಕಿಯ ತನಕ ಹೋದಳು, ತಿರುಗಿ ಬಂದಳು. "ಆಕಿನ್ನ ಓದಿದ್ರ ನನಗ ಹೊಟ್ಟಿಕಿಚ್ಚ ಆಗತೈತ್ರಿ ಅಕ್ಕಾ."

ಸಾವಿತ್ರಕ್ಕನ ನಗು ನಿಂತಿತು. ಹಾಳೆಗಳು ಸರಸರನೆ ಕೊನೆಯ ಅಧ್ಯಾಯದವರೆಗೂ ಬಿಡಿಸಿಕೊಂಡವು. ನೀಲವ್ವ ಒಂದನ್ನೂ ಓದಲಿಲ್ಲ.

"ಫೋನ್ ಕೊಡ್ರಿ," ಎಂದಳು. "ಅವ್ವಗ ಹೇಳೂದೈತಿ."