ಅರವತ್ತನೆಯ ಅಂಕ

ಮೂರು ವರ್ಷದಲ್ಲಿ ಅರವತ್ತು ಅಂಕ ಕೂಡದಿದ್ದರೆ ಕೋಆರ್ಡಿನೇಟರ್ ನಾಗವೇಣಿಯ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ರದ್ದಾಗುತ್ತಿತ್ತು. ಅದಿದ್ದರೆ ಕೆಲಸ ಭದ್ರವೆಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ದುಬಾರಿ ಕೋರ್ಸುಗಳ ತಂಟೆಗೆ ಹೋಗದೆ, ಆನ್‌ಲೈನಿನ ಬಿಟ್ಟಿ ಉಪನ್ಯಾಸಗಳನ್ನೇ ಕೇಳಿ ಐವತ್ತೊಂಬತ್ತು ಮಾಡಿಕೊಂಡಿದ್ದಳು. ಇಂದು ಗಡುವಿನ ಕೊನೆಯ ದಿನ; ಉಳಿದ ಒಂದು ಅಂಕಕ್ಕಾಗಿ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಉಪನ್ಯಾಸ ತೆರೆದಳು.

"ಮಾತಾಡ್ತಿರೋರು ನಮ್ಮ ಡೈರೆಕ್ಟರೇ ಕಣ್ರೀ," ಎಂದಳು ಗಂಡನಿಗೆ.

"ಒಳ್ಳೇದೇ ಆಯ್ತಲ್ಲ. ನೀನೆಷ್ಟು ಒದ್ದಾಡ್ತೀಯ ಅಂತ ಅವ್ರಿಗೂ ಗೊತ್ತಾಗ್ಲಿ."

ಡೈರೆಕ್ಟರು ಉದಾಹರಣೆಗೆಂದು ಒಂದು ಆಸ್ಪತ್ರೆ ಕಟ್ಟಡದ ಕೆಲಸದ ವೇಳಾಪಟ್ಟಿಯ ಚಾರ್ಟ್ ತೋರಿಸಿದರು. ಹೆಸರುಗಳನ್ನೆಲ್ಲ ಅಳಿಸಿದ್ದರು. ಆದರೆ ಆ ನೇರಳೆ ಪಟ್ಟಿಗಳನ್ನು ಎಳೆದವಳು ನಾಗವೇಣಿಯೇ. ಲಿಫ್ಟ್ ತಡವಾದ ವಾರಕ್ಕೆ ಹಾಕಿದ ಕೆಂಪು ಚುಕ್ಕೆಯೂ ಅವಳದೇ.

ಕೊನೆಗೆ ಅಂಕದ ಪ್ರಶ್ನೆ ಬಂತು: "ಖರ್ಚು ತಗ್ಗಿಸಲು ಮುಂದಿನ ತಿಂಗಳು ಈ ಕಟ್ಟಡದ ತಂಡದಿಂದ ಯಾರನ್ನು ಕೈಬಿಡಬೇಕು?" ಉತ್ತರಗಳು ಮೂರಿದ್ದವು.

ಇಂಜಿನಿಯರ್ ಎಂದು ಒತ್ತಿದಳು. ತಪ್ಪು.

ಸ್ಟೋರ್ ಕೀಪರ್ ಎಂದು ಒತ್ತಿದಳು. ಅದೂ ತಪ್ಪು.

ಅವಳ ಬೆರಳು ಅಲ್ಲೇ ನಿಂತಿತು.

"ಇನ್ನೇನೇ ಯೋಚ್ನೆ?" ಗಂಡ ನಕ್ಕ. "ಉಳಿದಿರೋದು ಕೋಆರ್ಡಿನೇಟರ್ ಒಂದೇ ಅಲ್ವಾ? ಒತ್ತು, ಅಂಕ ಬರುತ್ತೆ."

ಒತ್ತಿದಳು.

"ಸರಿಯುತ್ತರ," ಎಂದಿತು ಪರದೆ. "ಅರವತ್ತು ಅಂಕ ಪೂರ್ಣ. ನಿಮ್ಮ ಸರ್ಟಿಫಿಕೇಟ್ ಇನ್ನು ಮೂರು ವರ್ಷ ಭದ್ರ."